ಕನೆಕ್ಟ್ ಮಾಡಲೇ?

ಮಿಕ್ಸಿ ಏನನ್ನೂ ಕೇಳುವುದಿಲ್ಲ. ಫ್ರಿಜ್ಜು, ಗ್ರೈಂಡರ್, ಹೊಲಿಗೆ ಯಂತ್ರ ಯಾವುದೂ ಮನೆಯವರನ್ನು ಪ್ರಶ್ನೆ ಮಾಡುವುದಿಲ್ಲ. ಹಾಗೆ ಕೇಳುವ ಯಂತ್ರವಾಗಿ ನಮ್ಮ ಮನೆಗಳಿಗೆ ಮೊದಲು ಬಂದದ್ದು ಕಂಪ್ಯೂಟರ್. ವಿಂಡೋಸ್ 98ರ ಕಾಲದಲ್ಲಿ ಅದು ಪದೇ ಪದೇ ಕೇಳುತ್ತಿದ್ದ ಪ್ರಶ್ನೆ ಒಂದೇ. ಪರದೆಯ ನಡುವೆ ಬೂದು ಬಣ್ಣದ ಪುಟ್ಟ ಚೌಕವೊಂದು ಎದ್ದು ನಿಲ್ಲುತ್ತಿತ್ತು. ಮೇಲೆ ‘ಡಯಲ್-ಅಪ್ ಕನೆಕ್ಷನ್’ ಎಂಬ ಹೆಸರು, ಒಳಗೆ ಯೂಸರ್ ನೇಮ್, ಪಾಸ್‌ವರ್ಡ್, ಜೊತೆಗೆ ‘ಕನೆಕ್ಟ್’, ‘ಸೆಟ್ಟಿಂಗ್ಸ್’, ‘ವರ್ಕ್ ಆಫ್‌ಲೈನ್’ ಎಂಬ ಗುಂಡಿಗಳು. ಬೇಡ ಎಂದು ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು. ಅದೆಲ್ಲ ಸಣ್ಣ ಕಿರಿಕಿರಿ ಬಿಡಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯ ಲೈನು ಯಾರ ಅಪ್ಪಣೆಯ ಮೇಲೆ ಓಡಬೇಕು ಎಂಬ ವಿಚಾರ ಅದು.

ಆಗಿನ ಲೆಕ್ಕ ಗೊತ್ತಿಲ್ಲದವರಿಗೆ ಇದರ ಬಿಸಿ ತಟ್ಟಲಾರದು. ವಿಎಸ್‌ಎನ್‌ಎಲ್ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು. 1998ರ ಕೊನೆಗೆ ಖಾಸಗಿಯವರೂ ಬಂದರು. ಇಂಟರ್ನೆಟ್ಟನ್ನು ಗಂಟೆ ಲೆಕ್ಕದಲ್ಲಿ ಕೊಳ್ಳಬೇಕಿತ್ತು. ಗಂಟೆಯ ದುಡ್ಡು ಒಂದು ಕಡೆ, ಫೋನ್ ಕಾಲಿನ ದುಡ್ಡು ಇನ್ನೊಂದು ಕಡೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಬಿಚ್ಚುವಾಗ ಮನೆಯವರೆಲ್ಲ ಸುತ್ತ ನಿಂತಿರುತ್ತಿದ್ದರು. ಮೋಡೆಮ್ಮಿನ ಡಬ್ಬದ ಮೇಲೆ 56 ಕೆಬಿಪಿಎಸ್ ಎಂದು ಬರೆದಿದ್ದರೂ ಎಕ್ಸ್‌ಚೇಂಜಿನಿಂದ ಬರುವ ತಾಮ್ರದ ತಂತಿಯಲ್ಲಿ ಅಷ್ಟು ವೇಗ ಸಿಕ್ಕುತ್ತಿರಲಿಲ್ಲ. 40ರ ಆಸುಪಾಸು ಸಿಕ್ಕಿದರೆ ಒಂದು ಎಂಬಿ ಇಳಿಯಲು ಮೂರು ನಾಲ್ಕು ನಿಮಿಷ. ಅಷ್ಟು ಹೊತ್ತೂ ಫೋನು ಎಂಗೇಜು. ಊರಿಂದ ಅಜ್ಜಿಗೆ ಮೈ ಸರಿಯಿಲ್ಲ ಎಂದು ಯಾರಾದರೂ ಬೂತಿನಿಂದ ಡಯಲ್ ಮಾಡುತ್ತಿದ್ದರೆ ಅವರು ನಿಂತೇ ಇರಬೇಕು.

ಮೋಡೆಮ್ಮಿನ ಆ ಸದ್ದು ಮಾತ್ರ ನನಗೆ ಈಗಲೂ ಇಷ್ಟ. ನಂಬರ್ ಒತ್ತಿದ ಸದ್ದು, ಆಮೇಲೆ ‘ಕೀಂ’ ಎಂಬ ಕೂಗು, ಆಮೇಲೆ ಉದ್ದಕ್ಕೂ ‘ಘರ್ರ್’. ಎರಡು ಕಡೆಯ ಮೋಡೆಮ್‌ಗಳು ತಂತಿಯಲ್ಲಿ ಗದ್ದಲ ಎಷ್ಟಿದೆ, ಪ್ರತಿಧ್ವನಿ ಎಷ್ಟಿದೆ ಎಂದು ಪರೀಕ್ಷಿಸಿ, ಯಾವ ವೇಗದಲ್ಲಿ ಮಾತಾಡೋಣ ಎಂದು ಒಪ್ಪಂದಕ್ಕೆ ಬರುತ್ತಿದ್ದ ಹೊತ್ತು ಅದು. ಒಪ್ಪಂದವಾದ ಕೂಡಲೇ ಸ್ಪೀಕರ್ ಸುಮ್ಮನಾಗುತ್ತಿತ್ತು. ಸ್ಪೀಕರ್ ಇಟ್ಟದ್ದಕ್ಕೂ ಒಳ್ಳೆಯ ಕಾರಣವಿದೆ: ಎಂಗೇಜ್ ಟೋನ್ ಬಂತೋ, ತಪ್ಪು ನಂಬರಿಗೆ ಹೋಗಿ ಯಾರೋ ‘ಹಲೋ’ ಎಂದರೋ ಎನ್ನುವುದು ಕೂತವರ ಕಿವಿಗೆ ಬೀಳಬೇಕು. ತಾನೇನು ಮಾಡುತ್ತಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮಾಡುವ ಯಂತ್ರ ಪ್ರಾಮಾಣಿಕ ಯಂತ್ರ.

ಬೂದು ಚೌಕ ಹಾಗಿರಲಿಲ್ಲ. ಅದರ ದೋಷ ಏನೆಂದು ಸರಿಯಾಗಿ ಹಿಡಿದವರು ನಮ್ಮ ಬೀದಿಯಲ್ಲಿದ್ದ ನಿವೃತ್ತ ಮೇಷ್ಟ್ರು. ಊರಿನ ಹೆಂಗಸರಿಂದ ಕೇಳಿ ಬರೆದುಕೊಂಡ ಗಾದೆಗಳನ್ನೆಲ್ಲ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವುದು ಅವರ ಸಂಜೆಯ ಕೆಲಸ.

“ಇದ್ಯಾಕಪ್ಪಾ, ನಾನು ಬರೀ ಟೈಪ್ ಮಾಡ್ತಾ ಕೂತಿದ್ರೂ ಲೈನ್ ಕೇಳ್ತದೆ?”

“ಕೇಳ್ತಿರೋದು ನುಡಿ ಅಲ್ಲ ಮೇಷ್ಟ್ರೇ. ಹಿಂದೆ ಬೇರೆ ಯಾವುದೋ ಪ್ರೋಗ್ರಾಂ ಇದೆ.”

“ಇರಲಿ. ಯಾವುದು ಅಂತ ಹೇಳ್ಬೇಕಲ್ಲ? ಬಾಗಿಲು ಬಡಿದವರು ಹೆಸರು ಹೇಳ್ಬೇಕು ತಾನೇ?”

ಆ ಚೌಕ ಹೆಸರು ಹೇಳುತ್ತಲೇ ಇರಲಿಲ್ಲ. ಎಷ್ಟು ಹುಡುಕಿದರೂ ಅದರ ಮೈಮೇಲೆ ಯಾರು, ಯಾತಕ್ಕೆ ಎಂಬ ವಿವರವಿಲ್ಲ. ಕಾರಣ ವಿಂಡೋಸಿನ ಒಳಗಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸುವ ‘ವಿನ್‌ಇನೆಟ್’ ಎಂಬ ಭಾಗ ವಠಾರದ ನಲ್ಲಿಯ ಹಾಗೆ, ಬೇಕಾದ ಪ್ರೋಗ್ರಾಮೆಲ್ಲ ಬಂದು ಅದನ್ನು ತಿರುಗಿಸಬಹುದು. ಹಾಡು ಕೇಳಿಸುವ ಪ್ಲೇಯರ್ ತನ್ನ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಲು ಹೊರಟರೂ, ವೈರಸ್ ತಡೆಯುವ ಪ್ರೋಗ್ರಾಂ ಪಟ್ಟಿ ತರಲು ಹೊರಟರೂ, ಮೇಲೇಳುವುದು ಅದೇ ಚೌಕ. ಔಟ್‌ಲುಕ್ ಎಕ್ಸ್‌ಪ್ರೆಸ್ ಅಂತೂ ತೆರೆದ ಕೂಡಲೇ ಟಪಾಲು ತರಲು ಒಮ್ಮೆ, ಆಮೇಲೆ ಮೂವತ್ತು ನಿಮಿಷಕ್ಕೊಮ್ಮೆ ಲೈನ್ ಕೇಳುತ್ತಿತ್ತು. ಯಾರೂ ಅದಕ್ಕೆ ಹಾಗೆ ಮಾಡೆಂದು ಹೇಳಿರಲಿಲ್ಲ. ಕಾರ್ಖಾನೆಯಿಂದಲೇ ಹಾಗೆ ಬಂದದ್ದು.

ನಿಲ್ಲಿಸುವ ದಾರಿ ಸುಲಭವಿತ್ತು, ಇದ್ದ ಜಾಗ ಮಾತ್ರ ಯಾರೂ ಹೋಗದ ಮೂಲೆ. ಎಕ್ಸ್‌ಪ್ಲೋರರಿನ ‘ಟೂಲ್ಸ್’, ಅದರಲ್ಲಿ ‘ಇಂಟರ್ನೆಟ್ ಆಪ್ಷನ್ಸ್’, ಅದರಲ್ಲಿ ‘ಕನೆಕ್ಷನ್ಸ್’. ಅಲ್ಲಿ ಮೂರು ದುಂಡು ಚುಕ್ಕೆಗಳು. ಮೊದಲನೆಯದು ‘ನೆವರ್ ಡಯಲ್ ಎ ಕನೆಕ್ಷನ್’. ಅದನ್ನು ಒತ್ತಿದರೆ ಲೈನು ನಮ್ಮ ಕೈಗೆ ವಾಪಸ್. ಬೇಕಾದಾಗ ಡಯಲ್-ಅಪ್ಪಿನ ಚಿತ್ರವನ್ನು ನಾವೇ ಎರಡು ಸಲ ಒತ್ತಿ ಹೊರಟರಾಯಿತು. ಮೇಷ್ಟ್ರ ಕಂಪ್ಯೂಟರಿನಲ್ಲಿ ಇದರ ಜೊತೆಗೆ ಹೋಮ್ ಪೇಜನ್ನು ‘ಬ್ಲಾಂಕ್’ ಮಾಡಿದೆವು, ಔಟ್‌ಲುಕ್ಕಿನ ಅರ್ಧ ಗಂಟೆಯ ಓಡಾಟ ನಿಲ್ಲಿಸಿದೆವು. ಆಮೇಲೆ ‘ಎಂಎಸ್‌ಕಾನ್ಫಿಗ್’ ಎಂದು ಬರೆದು, ಕಂಪ್ಯೂಟರ್ ಏಳುವಾಗ ತಾವೂ ಏಳುವ ಪ್ರೋಗ್ರಾಮುಗಳ ಪಟ್ಟಿ ತೆಗೆದು, ಬೇಡದವುಗಳ ಟಿಕ್ ಒಂದೊಂದಾಗಿ ತೆಗೆದೆವು. ವಿಂಡೋಸ್ 98ರಲ್ಲಿದ್ದ ಈ ಉಪಕಾರಿಯನ್ನು ವಿಂಡೋಸ್ 2000ದಲ್ಲಿ ಕೊಡಲಿಲ್ಲ, ಎಕ್ಸ್‌ಪಿಯಲ್ಲಿ ಮತ್ತೆ ಕೊಟ್ಟರು. ಆ ಎರಡು ಆವೃತ್ತಿಗಳಲ್ಲಿ ಇನ್ನೊಂದು ಗಂಟೂ ಇತ್ತು. ‘ರಿಮೋಟ್ ಆಕ್ಸೆಸ್ ಆಟೋ ಕನೆಕ್ಷನ್ ಮ್ಯಾನೇಜರ್’ ಎಂಬ ಸೇವೆ ಹಿಂದೆ ಯಾವ ವಿಳಾಸಕ್ಕೆ ಯಾವ ಸಂಪರ್ಕದಿಂದ ಹೋಗಿದ್ದೆವು ಎಂದು ನೆನಪಿಟ್ಟುಕೊಂಡು, ಮತ್ತೆ ಆ ವಿಳಾಸ ಸಿಗದಿದ್ದಾಗ ಡಯಲ್ ಮಾಡಲು ಏಳುತ್ತಿತ್ತು. ಮೂರು ಚುಕ್ಕೆಗೂ ಬಗ್ಗದಿದ್ದರೆ ಸರ್ವಿಸಸ್ ಪಟ್ಟಿಗೆ ಹೋಗಿ ಅದನ್ನೇ ನಿಲ್ಲಿಸಬೇಕಾಗುತ್ತಿತ್ತು.

ಚೌಕ ಕೆಲವೊಮ್ಮೆ ಒಳ್ಳೆಯ ಸುಳಿವನ್ನೂ ಕೊಡುತ್ತಿತ್ತು ಎನ್ನುವುದನ್ನು ಒಪ್ಪಬೇಕು. ಲೈನ್ ಕಡಿದುಕೊಂಡ ಮೇಲೆ, ಆಗಲೇ ಇಳಿಸಿಟ್ಟ ಒಂದು ಇಮೇಲ್ ತೆರೆದ ಕೂಡಲೇ ಅದು ಎದ್ದರೆ, ಆ ಕಾಗದದೊಳಗೆ ಹೊರಗಿನಿಂದ ತರಬೇಕಾದ ಚಿತ್ರವೊಂದಿದೆ ಎಂದರ್ಥ. ಸ್ಪ್ಯಾಮ್ ಕಳಿಸುವವರು ಕಣ್ಣಿಗೇ ಕಾಣದಷ್ಟು ಸಣ್ಣ ಚಿತ್ರ ಇಡುತ್ತಿದ್ದರು; ಅದನ್ನು ನಮ್ಮ ಕಂಪ್ಯೂಟರ್ ಕೇಳಿದರೆ ಕಾಗದ ಓದಿದ್ದಾರೆ, ಈ ವಿಳಾಸ ಜೀವಂತವಾಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಇಂಥ ಚಿತ್ರಗಳನ್ನು ತಡೆಯಿತು.

ಕನ್ನಡ ಓದುಗರಿಗೆ ಬೇರೆಯೇ ಒಂದು ಕಷ್ಟವಿತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕೆಲವು ಕನ್ನಡ ಜಾಲತಾಣಗಳು ಡೈನಾಮಿಕ್ ಫಾಂಟ್ ಬಳಸುತ್ತಿದ್ದವು. ಪುಟದ ಜೊತೆಗೆ ಅಕ್ಷರದ ಕಡತವೂ ಸರ್ವರಿನಿಂದಲೇ ಬರಬೇಕು. ದುಡ್ಡು ಉಳಿಸಲು ಪುಟವನ್ನು ಸೇವ್ ಮಾಡಿಕೊಂಡು, ಲೈನ್ ಕತ್ತರಿಸಿ, ನಿಧಾನವಾಗಿ ಓದೋಣ ಎಂದು ಕೂತರೆ ಫಾಂಟ್ ತರಲು ಮತ್ತೆ ಚೌಕ. ಬೇಡ ಎಂದರೆ ಕಥೆಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇಂಗ್ಲಿಷ್ ಪುಟವನ್ನು ಎಷ್ಟು ದಿನ ಬೇಕಾದರೂ ಆಫ್‌ಲೈನ್ ಇಟ್ಟು ಓದಬಹುದಿತ್ತು. ನಮ್ಮ ಭಾಷೆಯ ಪುಟ ಓದಲು ಮೀಟರ್ ಓಡಬೇಕಿತ್ತು. ಯೂನಿಕೋಡ್ ಮಾಡಿದ ಉಪಕಾರಗಳನ್ನು ಎಣಿಸುವವರು ಇದನ್ನೂ ಸೇರಿಸಿಕೊಳ್ಳಬೇಕು.

ನಿಜವಾದ ಅಪಾಯ ‘ಡಯಲರ್’ ಎಂಬ ಕಳ್ಳ ಪ್ರೋಗ್ರಾಮುಗಳದು. ಇದ್ದ ಸಂಪರ್ಕ ಕಡಿದು, ಸದ್ದಿಲ್ಲದೆ ದುಬಾರಿ ಐಎಸ್‌ಡಿ ನಂಬರಿಗೆ ಡಯಲ್ ಮಾಡಿ, ಬಿಲ್ಲಿನ ಒಂದು ಪಾಲನ್ನು ದೂರದ ಯಾರದೋ ಕಿಸೆಗೆ ಸೇರಿಸುವಂಥವು. ಎಸ್‌ಟಿಡಿ, ಐಎಸ್‌ಡಿಗೆ ಲಾಕ್ ಹಾಕಿಸಿಕೊಂಡಿದ್ದ ನಮ್ಮ ಮನೆಗಳು ಬಚಾವಾದವು. ಎಕ್ಸ್‌ಚೇಂಜೇ ಆ ಕಾಲನ್ನು ಬಿಡುತ್ತಿರಲಿಲ್ಲ.

ಮೇಷ್ಟ್ರ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ‘ಝೋನ್ ಅಲಾರ್ಮ್’ ಎಂಬ ಉಚಿತ ಫೈರ್‌ವಾಲ್. ಇಂಥ ಹೆಸರಿನ ಪ್ರೋಗ್ರಾಂ ಹೊರಗೆ ಹೋಗಲು ಕೇಳುತ್ತಿದೆ, ಬಿಡಲೇ ಬೇಡವೇ ಎಂದು ಹೆಸರು ಹಿಡಿದೇ ಕೇಳುತ್ತಿತ್ತು. ಎಕ್ಸ್‌ಪಿಯ ಸ್ವಂತ ಫೈರ್‌ವಾಲ್ ಒಳಬರುವವರನ್ನಷ್ಟೇ ತಡೆಯುತ್ತಿತ್ತು, ಹೊರಹೋಗುವವರನ್ನು ವಿಚಾರಿಸುತ್ತಿರಲಿಲ್ಲ.

2005ರಲ್ಲಿ ಬಿಎಸ್‌ಎನ್‌ಎಲ್‌ನ ಡಾಟಾವನ್ ಬ್ರಾಡ್‌ಬ್ಯಾಂಡ್ ಬಂತು. ಫೋನು ಬಿಡುವಾಯಿತು, ಚೌಕ ಮಾತ್ರ ಹಲವರ ಮನೆಯಲ್ಲಿ ಉಳಿಯಿತು. ಹಳೆಯ ಡಯಲ್-ಅಪ್ ನಮೂದನ್ನು ಅಳಿಸದೆ ಬಿಟ್ಟಿದ್ದರಿಂದ ಬ್ರಾಡ್‌ಬ್ಯಾಂಡ್ ಓಡುತ್ತಿದ್ದರೂ ಅದು ಏಳುತ್ತಿತ್ತು. ಯೂಸರ್ ನೇಮ್, ಪಾಸ್‌ವರ್ಡನ್ನು 192.168.1.1ಕ್ಕೆ ಹೋಗಿ ಮೋಡೆಮ್ಮಿನೊಳಗೇ ತುಂಬಿಸಿ, ಹಳೆಯ ನಮೂದು ಅಳಿಸಿದ ಮೇಲೆ ಅದರ ಕಥೆ ಮುಗಿಯಿತು.

ಈಗಿನ ಕಂಪ್ಯೂಟರ್ ಕೇಳುವುದನ್ನೇ ಬಿಟ್ಟು ಸೀದಾ ಹೋಗಿಬರುತ್ತದೆ. ವಿಂಡೋಸ್ 11ರ ಹೋಮ್ ಆವೃತ್ತಿಯಂತೂ ಮೊದಲ ಸಲ ಸಜ್ಜಾಗುವಾಗಲೇ ಇಂಟರ್ನೆಟ್ ಬೇಕೆಂದು ಕೂರುತ್ತದೆ. ಹಳ್ಳಿಯ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುವ ಹುಡುಗಿಯ ಆ ದಿನದ ಡೇಟಾ ಅರ್ಧ ಪಾಠಕ್ಕೇ ಮುಗಿದರೆ, ಅದನ್ನು ಖರ್ಚು ಮಾಡಿದ್ದು ಹಿಂದೆ ಇಳಿಯುತ್ತಿದ್ದ ಅಪ್‌ಡೇಟ್ ಇರಬಹುದು. ಅವಳನ್ನು ಯಾರೂ ಕೇಳಿರುವುದಿಲ್ಲ. ಇದು ನನಗೆ ಹಳೆಯ ಚೌಕಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಅಂಥವರು ಸೆಟ್ಟಿಂಗ್ಸಿನಲ್ಲಿ ತಮ್ಮ ವೈಫೈ ಹೆಸರಿನ ಒಳಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿಡಲಿ. ದೊಡ್ಡ ಇಳಿಕೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಅಲ್ಲೇ ‘ಡೇಟಾ ಯೂಸೇಜ್’ ಪುಟದಲ್ಲಿ ಯಾವ ಪ್ರೋಗ್ರಾಂ ಎಷ್ಟು ಬಳಸಿತು ಎಂದು ಹೆಸರು ಸಮೇತ ಬರುತ್ತದೆ. ಆದರೆ ಭದ್ರತೆಯ ತೇಪೆಗಳು ಬೇಕೇ ಬೇಕು, ಅವನ್ನು ನಿಲ್ಲಿಸಬಾರದು. ಮೈಕ್ರೋಸಾಫ್ಟ್ ಅವನ್ನು ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ. ಮರುದಿನ, ಬುಧವಾರ, ಡೇಟಾ ಉಳಿದ ಹೊತ್ತು ನೋಡಿಕೊಂಡು ಮೀಟರ್ಡ್ ಆಫ್ ಮಾಡಿ, ಅಪ್‌ಡೇಟ್ ಇಳಿಸಿಕೊಂಡು, ಮತ್ತೆ ಆನ್ ಮಾಡಿದರೆ ಮುಂದಿನ ತಿಂಗಳವರೆಗೆ ಯೋಚನೆಯಿಲ್ಲ.