ಚೀನಾಂಬರದ ಜಾಡಿನಲ್ಲಿ ಮೂಡಬಿದಿರೆಗೆ

ಮಾಘಮಾಸದಲ್ಲೊಮ್ಮೆ ನಾವು ತಂಗಿಯೊಡನೆ ದಕ್ಷಿಣ ಕನ್ನಡದ ಪ್ರವಾಸ ಕೈಗೊಂಡಿದ್ದೆವು. ಕಸೂತಿಯಲ್ಲಿ ನುರಿತ ಕೈ ಅವಳದು. ಚೀನಾದ ಅರಮನೆಯ ಸ್ತ್ರೀಯರು ತೊಡುತ್ತಿದ್ದ ರೇಷ್ಮೆ ನಿಲುವಂಗಿಗಳ ಚಿತ್ರಪುಸ್ತಕವೊಂದನ್ನು ಚೀಲದಲ್ಲಿ ತಂದಿದ್ದಳು. ಯಾತ್ರೆಗೆ ಇದೇಕೆಂದು ನಾವು ಗೊಣಗಿದ್ದುಂಟು.

ಬಂಟ್ವಾಳದಲ್ಲಿ ನೇತ್ರಾವತಿಯ ದರ್ಶನ ಪಡೆದು, ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವನ್ನು ನೋಡಿದೆವು. ತುಳುವರ ಮನೆಬಳಕೆಯ ಹಳೆಯ ವಸ್ತುಗಳ ನಡುವೆ ನಿಂತು ತಂಗಿ, "ಅಣ್ಣಾ, ಅವ್ವನ ಜರತಾರಿ ಸೀರೆ ನೆನಪೈತೇನು?" ಎಂದಳು. ಮಡಿಕೆಗಳಲ್ಲಿ ಸೀಳಿದ್ದ ಆ ಸೀರೆಯನ್ನು ಜರಿಯ ವ್ಯಾಪಾರಿಗೆ ಕೊಟ್ಟವರು ನಾವೇ. ಅವನು ಅದನ್ನು ಸುಟ್ಟು ಬೆಳ್ಳಿ ತೆಗೆದಿರಬೇಕು. ನಾವು ಉತ್ತರಿಸಲಿಲ್ಲ.

ಬೆಳ್ತಂಗಡಿಯನ್ನು ದಾಟಿ ವೇಣೂರಿನಲ್ಲಿ, ಉಡುಗೆಯ ಹಂಗೇ ಇಲ್ಲದೆ 1604ರಿಂದ ನಿಂತಿರುವ ಗೊಮ್ಮಟನಿಗೆ ಕೈಮುಗಿದು, ಇಳಿಹೊತ್ತಿಗೆ ಮೂಡಬಿದಿರೆ ತಲಪಿದೆವು.

ಸಾವಿರ ಕಂಬದ ಬಸದಿ ಕಟ್ಟಲ್ಪಟ್ಟದ್ದು 1430ರಲ್ಲಿ. ಅದರ ಭೈರಾದೇವಿ ಮಂಟಪದ ಬುಡದ ಕೆತ್ತನೆಗಳಲ್ಲಿ ಒಂದು ಜಿರಾಫೆ, ಒಂದು ಚೀನೀ ಡ್ರ್ಯಾಗನ್ ಇವೆ. ತಂಗಿ ಅಲ್ಲಿಯೇ ಕುಳಿತು ಪುಸ್ತಕ ತೆರೆದಳು. ಅದರಲ್ಲಿದ್ದ ಉಡುಪುಗಳು ಬಸದಿಗಿಂತ ಈಚಿನವು, 1644ರಿಂದ 1912ರವರೆಗೆ ಆಳಿದ ಚಿಂಗ್ ವಂಶದ ಕಾಲದವು. ಮೈತುಂಬ ಮೋಡಗಳ ನಡುವೆ ಹೊರಳುವ ಡ್ರ್ಯಾಗನ್, ಕೆಳಅಂಚಿನಲ್ಲಿ ಕಡಲಿನ ಅಲೆ. ನಮ್ಮ ಕಸೂತಿಯಲ್ಲಿ ಎಳೆ ಎಣಿಸಿ, ಗಂಟಿಲ್ಲದೆ, ಒಳಹೊರಗು ಒಂದಾಗುವಂತೆ ಹೊಲಿಯುತ್ತಾರೆ. ಅಲ್ಲಿ ಹಾಗಲ್ಲ. ಹೊನ್ನಿನೆಳೆ ಬಟ್ಟೆಯೊಳಗೆ ತೂರಿದರೆ ಕೆಡುವುದರಿಂದ ಅದನ್ನು ಮೇಲೆಯೇ ಮಲಗಿಸಿ, ಸಣ್ಣ ರೇಷ್ಮೆ ಎಳೆಯಿಂದ ಹೆಜ್ಜೆಹೆಜ್ಜೆಗೂ ಬಿಗಿಯುತ್ತಿದ್ದರು. ಪುರುಷರ ನಿಲುವಂಗಿಗೆ ಕುದುರೆ ಏರಲೆಂದು ಹಿಂದೆ ಮುಂದೆ ಸೀಳು, ಸ್ತ್ರೀಯರದಕ್ಕೆ ಪಕ್ಕಗಳಲ್ಲಿ ಮಾತ್ರ.

ಜಿರಾಫೆಯ ಕಥೆ ಇನ್ನೂ ಸ್ವಾರಸ್ಯದ್ದು. 1414ರಲ್ಲಿ ಬಂಗಾಳದ ಸುಲ್ತಾನನು ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಳುಹಿಸಿದಾಗ, ಅಲ್ಲಿಯವರು ಅದನ್ನು ತಮ್ಮ ಪುರಾಣದ ಮಂಗಳಪ್ರಾಣಿ ಚಿಲಿನ್ ಎಂದೇ ಬಗೆದರು. ಆ ಚಿಲಿನ್ ಚಿಂಗ್ ಕಾಲದಲ್ಲಿ ಅತ್ಯುನ್ನತ ಸೇನಾಧಿಕಾರಿಯ ಎದೆಯ ಮೇಲಣ ಕಸೂತಿಯ ಲಾಂಛನ. ಅವನ ಪತ್ನಿಯ ಮೇಲುಡುಪಿಗೂ ಅದೇ.

ಝೆಂಗ್ ಹೆಯ ಹಡಗುಪಡೆ 1405ರಿಂದ 1433ರವರೆಗೆ ಮತ್ತೆ ಮತ್ತೆ ಸಮುದ್ರಯಾನ ಕೈಗೊಂಡು ಕಲ್ಲಿಕೋಟೆಗೆ ರೇಷ್ಮೆ ತಂದು ಮೆಣಸು ಒಯ್ದಿತು. 1443ರಲ್ಲಿ ಮಂಗಳೂರಿನಲ್ಲಿಳಿದು ವಿಜಯನಗರಕ್ಕೆ ಹೋದ ಅಬ್ದುರ್ ರಜಾಕನು, ಪ್ರೌಢದೇವರಾಯನು ಜೈತೂನಿನ ನುಣುಪು ರೇಷ್ಮೆಯ ಅಂಗಿ ತೊಟ್ಟಿದ್ದನೆಂದು ಬರೆದಿದ್ದಾನೆ. ಜೈತೂನ್ ಎಂದರೆ ಚೀನಾದ ಚ್ವಾನ್‌ಝೌ ಬಂದರು. ಮೂಡಬಿದಿರೆಯ ಶಿಲ್ಪಿಯೂ ಡ್ರ್ಯಾಗನ್ನನ್ನು ಯಾವುದೋ ಚೀನಾಂಬರದ ಮೇಲೆಯೇ ಕಂಡಿರಬೇಕೆಂಬುದು ನಮ್ಮ ಊಹೆ. ಆ ಬಟ್ಟೆ ಈ ಮಳೆನಾಡಿನಲ್ಲಿ ಎಂದೋ ಮಣ್ಣಾಗಿರುತ್ತದೆ.

"ಚಕ್ರವರ್ತಿ ಹೋದ ಮ್ಯಾಲೆ ಈ ಅಂಗಿಗಳನ್ನ ಮಾರಿದರಂತ, ಅಣ್ಣಾ. ಕೊಂಡವರು ಕತ್ತರಿಸಿ ದಿಂಬಿಗೆ ಹಾಕ್ಯಾರ," ಎಂದಳು ತಂಗಿ. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ನಮಗೆ ಮಾತ್ರ ಅವ್ವನ ಸೀರೆಯೇ ಕಣ್ಮುಂದೆ ಬಂತು.

ಊರಿಗೆ ಮರಳಿದ ಮೇಲೆ ಅವಳು ಟ್ರಂಕಿನಿಂದ ತನ್ನ ಅತ್ತೆಯ ಇಳಕಲ್ ಸೀರೆಯನ್ನು ಹೊರತೆಗೆದು, ಹಳೆಯ ಮಡಿಕೆ ಬಿಡಿಸಿ ಬೇರೆಡೆ ಮಡಿಸಿ, ತೊಳೆದ ಧೋತರದಲ್ಲಿ ಸುತ್ತಿಟ್ಟಳು. ಇನ್ನೊಂದು ತುದಿಯ ಸೆರಗನ್ನು ನಾವು ಹಿಡಿದಿದ್ದೆವು.