ಉರುಳೆ ನಿಂತದ್ದೇಕೆ?

ಅಮೆರಿಕದ ಕನೆಕ್ಟಿಕಟ್ ನದಿಯ ದಂಡೆಯಲ್ಲಿರುವ ಊರು ಹಾರ್ಟ್‌ಫರ್ಡ್. ಅಲ್ಲಿ ದೂರದಿಂದಲೇ ಕಣ್ಸೆಳೆಯುವ ನೀಲಿ ಗುಮ್ಮಟ ಕೋಲ್ಟ್ ರಿವಾಲ್ವರ್ ಕಾರ್ಖಾನೆಯದು. 1864ರ ಬೆಂಕಿಯ ನಂತರ ಅದನ್ನು ಮತ್ತೆ ಕಟ್ಟಲಾಯಿತು. ಊರಿನ ವಸ್ತುಸಂಗ್ರಹಾಲಯದಲ್ಲಿ ಕೋಲ್ಟ್‌ನ ಹಳೆಯ ರಿವಾಲ್ವರುಗಳಿವೆ.

ಸ್ಯಾಮ್ಯುಯೆಲ್ ಕೋಲ್ಟ್ 1847ರಲ್ಲಿ ತಂದ 'ವಾಕರ್' ಮಾದರಿಯ ತೂಕ ಸುಮಾರು 2 ಕಿಲೋ. ಗುಂಡು ಹಾರಿದೊಡನೆ ಕೆಲವೊಮ್ಮೆ ಅದರ ಉರುಳೆ ತಿರುಗದೆ ನಿಂತುಬಿಡುತ್ತಿತ್ತು. ಕಾಳಗದಲ್ಲಿ ಹಾಗಾದರೆ ಸವಾರನ ಪ್ರಾಣಕ್ಕೇ ಕುತ್ತು! ಸಂದೇಹ ಬರುವುದು ಉರುಳೆಯ ಮೇಲೆ. ತಪ್ಪು ಮಾತ್ರ ನಳಿಗೆಯ ಕೆಳಗಿನ, ಗುಂಡು ತುಂಬುವ ಸನ್ನೆಕೋಲಿನದು. ಗುಂಡು ಮುಂದಕ್ಕೆ ಹಾರಿದಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಸನ್ನೆಕೋಲು ಕಳಚಿ ಜೋತುಬಿದ್ದು, ಅದರ ದೂಡುಗೋಲು ಉರುಳೆಯ ರಂಧ್ರದೊಳಕ್ಕೆ ಹೊಕ್ಕು ತಡೆಯುತ್ತಿತ್ತು.

ಕೆಲವರು ಅದನ್ನು ತೊಗಲಿನ ದಾರದಿಂದ ಬಿಗಿದುಕೊಂಡರು. 1848ರಲ್ಲಿ ಆರಂಭವಾದ 'ಡ್ರಗೂನ್' ಮಾದರಿಯಲ್ಲಿ ಸನ್ನೆಕೋಲಿನ ತುದಿಗೆ ಚಿಲಕ ಬಂತು. ನಿಂತ ಭಾಗ ಒಂದು, ನಿಲ್ಲಿಸಿದ ಭಾಗ ಇನ್ನೊಂದು. ಯಾವ ಯಂತ್ರ ಕೆಟ್ಟರೂ ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತಿದು.