ಭೀಮನಿಗೆ ಯಾಕಿಲ್ಲ?

ದಸರಾ ಬೊಂಬೆ ಇಳಿಸಲು ಅಟ್ಟ ಹತ್ತಿದಾಗ ಅಳಗುಳಿಮಣೆಯೂ ಕೆಳಗೆ ಬಂತು. ಸಾಲಿಗೆ ಏಳರಂತೆ 14 ಗುಳಿ. ನಮ್ಮಮ್ಮ ಕೂಡಿಟ್ಟ ಹುಣಸೆಬೀಜ ಡಬ್ಬಿಯಲ್ಲಿ ಹಾಗೇ ಇತ್ತು. ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗ ಬಂದು ಎದುರಿಗೆ ಕೂತ. ಲೆಕ್ಕದ ಪುಸ್ತಕ ತೆಗೆದರೆ ಹೊಟ್ಟೆನೋವು ಬರುವ ಮಗು ಅದು. ಆಟ ಅರ್ಧಕ್ಕೆ ಬರುವಷ್ಟರಲ್ಲಿ, "ಅಜ್ಜೀ, ನಿಮಗಿಂತ ನಂಗೆ ಆರು ಜಾಸ್ತಿ!" ಅಂದ. ಎಣಿಸಿ ನೋಡಿದೆ, ಸರಿಯಾಗೇ ಇತ್ತು. ಬೆರಳಲ್ಲಿ ಬೀಜ ಮುಟ್ಟಿದರೆ ಬರುವ ಲೆಕ್ಕ ಕಾಗದದಲ್ಲಿ ಯಾಕೆ ಬರುವುದಿಲ್ಲ ಹೇಳಿ?

ಬೆರಳ ವಿಷಯ ಬಂತಲ್ಲ, ಮಾಂಟೆಸ್ಸರಿ ಅಮ್ಮನ ನೆನಪಾಯಿತು. ರೋಮಿನಲ್ಲಿ 1907ರಲ್ಲಿ ಶಿಶುಮನೆ ತೆರೆಯುವ ಮೊದಲು ಆಕೆ ಪಾಠ ಹೇಳಿದ್ದು ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ. ಮುಂದೆ ಶಿಶುಮನೆಯಲ್ಲಿ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ಅದರ ಮೇಲೆ ಬೆರಳಾಡಿಸುತ್ತ ಕಲಿಸಿದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದರು. ನಾವೂ ಅಕ್ಷರಾಭ್ಯಾಸದ ದಿನ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುತ್ತೇವಲ್ಲವೇ? ಮರುದಿನವೇ ತಟ್ಟೆ ಎತ್ತಿಡುತ್ತೇವೆ. ಕೆಲವು ಮಕ್ಕಳಿಗೆ ಆ ತಟ್ಟೆ ಮೂರು ವರ್ಷ ಬೇಕು. ಕೊಟ್ಟರೇನು ನಷ್ಟ?

ಹುಡುಗನ ತಾಯಿ ದುಡ್ಡು ಸುರಿದು ಇಂಗ್ಲಿಷ್ ಅಕ್ಷರದ ಕಾರ್ಡುಗಳನ್ನು ತಂದಿದ್ದಳು. ಬಿ, ಡಿ ತಿರುಗುಮುರುಗಾಗುವುದಕ್ಕೆ ಅವು ಸರಿಯೇ. ಆದರೆ ನಮ್ಮ ಲಿಪಿಯ ತೊಡಕೇ ಬೇರೆ. 'ಪ' ಅಕ್ಷರದ ಹೊಟ್ಟೆಗೆ ಒಂದು ಗೀಟು ಬಿದ್ದರೆ ಷ. ಇನ್ನು ಅರ್ಕಾವತ್ತು! 'ಸೂರ್ಯ' ಅನ್ನುವಾಗ ಕಿವಿಗೆ ರ್ ಮೊದಲು, ಕಣ್ಣಿಗೆ ಯ ಮೊದಲು. ಇವನು ಕಂಡದ್ದನ್ನು ಕಂಡಂತೆ 'ಸೂಯರ್' ಎಂದು ಓದಿದ. ಶಾಲೆಯಲ್ಲಿ ಸೋಮಾರಿ ಅನ್ನಿಸಿಕೊಂಡ. ಅದನ್ನು ಹೇಳುವಾಗ ಆ ತಾಯಿಯ ಗಂಟಲು ಕಟ್ಟಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೇ ಕಲಿಕಾ ನ್ಯೂನತೆಯನ್ನು ಹೆಸರಿಸಿ ಸೇರಿಸಿಕೊಂಡಿದೆ. ಸೋಮಾರಿತನ ಅನ್ನುವ ಮಾತನ್ನು ಇನ್ನಾದರೂ ಬಿಡಬೇಡವೇ?

ಈಗ ನಮ್ಮ ಜಗಲಿಯಲ್ಲಿ ದಿನಾ ಸಂಜೆ ಒಂದು ತಟ್ಟೆ ರವೆ. ಮೊದಲು ಬಾಯಲ್ಲಿ ಬಿಡಿಸಿ ಬಿಡಿಸಿ ಹೇಳುವುದು, ಆಮೇಲೆ ಬೆರಳಲ್ಲಿ ಬರೆಯುವುದು, ಕೊನೆಗೆ ಅರ್ಕಾವತ್ತಿಗೆ ಒಂದು ಹುಣಸೆಬೀಜ ಇಡುವುದು. ಬರೀ ಪದ ಬರೆಸಿದರೆ ಬೇಜಾರಲ್ಲವೇ, ಜೊತೆಗೆ ಮಹಾಭಾರತದ ಕಥೆ. ಮೊನ್ನೆ ಕರ್ಣ ಬರೆದ, ಅರ್ಜುನ ಬರೆದ, ದುರ್ಯೋಧನನನ್ನೂ ಬಿಡಲಿಲ್ಲ. ಧರ್ಮರಾಯನಿಗೂ ಒಂದು ಬೀಜ ಇಟ್ಟು, ತಲೆಯೆತ್ತಿ ಕೇಳಿದ:

"ಎಲ್ಲರಿಗೂ ಇದೆ, ಭೀಮಂಗೆ ಯಾಕಿಲ್ಲ ಅಜ್ಜೀ?"